ಬಾಕಿ ಉಳಿದಿದ್ದ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ.

ನಾವು ತುಮಕೂರಿನ ಈ ಅಪಾರ್ಟ್‌ಮೆಂಟ್ ಮನೆಯಲ್ಲಿ ಹಾಲು ಉಕ್ಕಿಸಿ ಮೊನ್ನೆಗೆ ಆರು ತಿಂಗಳಾಯಿತು. 2018ರಲ್ಲಿ ಬುಕ್ ಮಾಡಿದ ಮನೆ. 2021ರ ಡಿಸೆಂಬರಿಗೆ ಕೊಡ್ತೀವಿ ಅಂದಿದ್ದರು. ಕೀ ಕೈಗೆ ಬಂದಿದ್ದು 2025ರಲ್ಲಿ. ಗೃಹಪ್ರವೇಶದ ದಿನ ಪುರೋಹಿತರಿಗೆ, ಅಡುಗೆ ಭಟ್ಟರಿಗೆ, ಸಾಲ ಕೊಟ್ಟ ಬ್ಯಾಂಕಿನವರಿಗೆ ಎಲ್ಲ ಶಾಲು ಹೊದಿಸಿದೆವು. ರಾತ್ರಿ ಚಾಪೆ ಹಾಸುವಾಗ ನನ್ನ ಹೆಂಡತಿ ಕೇಳಿದಳು, "ಅಲ್ಲಾ ರೀ, ಕಟ್ಟಿದೋರು ಒಬ್ರೂ ಬಂದಿರ್ಲಿಲ್ವಲ್ಲ, ಕರೆದಿದ್ರಾ?" ಕರೆದಿರಲಿಲ್ಲ. ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೆ ಈ ಬರಹ.

ನಾನು 34 ವರ್ಷ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಬಸ್ ರಿಪೇರಿ ಮಾಡಿ ರಿಟೈರ್ ಆದವನು. ದುಡ್ಡು ಹಾಕಿದ್ದು ಬೆಂಗಳೂರಲ್ಲಿರುವ ಮಗ. ನನ್ನ ಪಾಲಿಗೆ ಬಂದಿದ್ದು ಸೈಟಿಗೆ ಹೋಗಿ ನೋಡಿಕೊಂಡು ಬರುವ ಕೆಲಸ. 72 ಮನೆ ಕೊಂಡವರಲ್ಲಿ ದಿನಾ ಬಿಡುವಾಗಿದ್ದವನು ನಾನೊಬ್ಬನೇ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಸೈಟಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದೆ. "ಸಾರ್, ಇವತ್ತು ಕೆಲಸ ನಡೀತಿದೆಯಾ?" ಅಂತ ಎಲ್ಲರೂ ನನಗೇ ಫೋನ್ ಮಾಡುತ್ತಿದ್ದರು. ಹಾಗಾಗಿ ಈಗ ಈ ಬಿಲ್ಡಿಂಗಿನ ಮಕ್ಕಳ ಬಾಯಲ್ಲೂ ನಾನು ಫೋರ್‌ಮನ್ ಅಜ್ಜ.

ಬ್ರೋಷರಿನಲ್ಲಿ ಇದು ಲಕ್ಷುರಿ ಅಪಾರ್ಟ್‌ಮೆಂಟು. ಮಾರ್ಬಲ್ ಹಾಕಿದ ಲಾಬಿ, ಸ್ವಿಮ್ಮಿಂಗ್ ಪೂಲ್, ಬಾಲ್ಕನಿಯಲ್ಲಿ ಕಾಫಿ ಕಪ್ ಹಿಡಿದು ನಿಂತ ಹೆಂಗಸು, ಅವಳ ಹಿಂದೆ ಸಿದ್ಧಗಂಗೆ ಬೆಟ್ಟ. ತುಂಬಾ ವರ್ಷ ಅದರಲ್ಲಿ ನಿಜ ಅಂತ ಇದ್ದಿದ್ದು ಬೆಟ್ಟ ಒಂದೇ.

ಮೊದಲನೇ ಥ್ಯಾಂಕ್ಸ್ ತಲುಪಬೇಕಾದವರಿಗೆ ತಲುಪುವುದಿಲ್ಲ, ಗೊತ್ತು. ಯಾದಗಿರಿ ಕಡೆಯ ಒಬ್ಬ ಹೆಂಗಸು. 2019ರ ಬೇಸಿಗೆಯಲ್ಲಿ ಮೋಲ್ಡಿಗೆ, ಅಂದರೆ ಕಾಂಕ್ರೀಟು ಸೂರಿಗೆ, ನೀರು ಹಾಕುತ್ತಿದ್ದರು. ಮೋಲ್ಡ್ ಹಾಕಿದ ಮಾರನೇ ದಿನ ಗಾರೆಯಲ್ಲಿ ಸುತ್ತ ಸಣ್ಣ ಕಟ್ಟೆ ಕಟ್ಟಿ, ಒಳಗೆ ನೀರು ನಿಲ್ಲಿಸುತ್ತಿದ್ದರು. ಕಂಬಗಳಿಗೆ ಗೋಣಿಚೀಲ ಸುತ್ತಿ ನೆನೆಸುತ್ತಿದ್ದರು. ಕಾಂಕ್ರೀಟು ಒಣಗಿದರೆ ಗಟ್ಟಿಯಾಗುತ್ತೆ ಅಂತ ನಾನು ತಿಳಿದಿದ್ದೆ. ತಪ್ಪು. ಅದಕ್ಕೆ ನೀರು ಬೇಕು. ಕಡಿಮೆ ಅಂದರೂ ಏಳು ದಿನ ಒದ್ದೆ ಇರಬೇಕು. 28 ದಿನಕ್ಕೆ ಅಳೆದ ಬಲವನ್ನೇ ಅದರ ಬಲ ಅಂತ ಲೆಕ್ಕ ಹಿಡಿಯುತ್ತಾರೆ. ಟ್ಯಾಂಕರ್ ಬಾರದ ದಿನ ಮೇಸ್ತ್ರಿ "ಒಂದಿನ ಬಿಡಮ್ಮ" ಅಂದರೆ, "ಹ್ಯಾಂಗ್ ಬಿಡಾಕ್ ಬರ್ತದ್ರಿ?" ಅಂತ ಜಗಳಕ್ಕೇ ನಿಲ್ಲುತ್ತಿದ್ದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಅವರ ಗುಂಪು ಊರಿಗೆ ಹೊರಟಿತು. ಎಷ್ಟು ದೂರ ನಡೆದರೋ, ಎಲ್ಲಿ ಲಾರಿ ಸಿಕ್ಕಿತೋ. ವಾಪಸ್ ಬರಲಿಲ್ಲ. ಹೆಸರು ಕೂಡ ನಾನು ಕೇಳಿರಲಿಲ್ಲ. ಅವರು ನೀರು ಹಾಕಿದ್ದು ನಾಲ್ಕು ಮೋಲ್ಡಿಗೆ. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ.

ಲಾಕ್‌ಡೌನ್ ಆದ ಮೇಲೆ ಕೆಲಸ ಕುಂಟುತ್ತಾ ನಡೆಯಿತು. 2022ರಲ್ಲಿ ನಿಂತೇ ಹೋಯಿತು. ಹದಿನಾಲ್ಕು ತಿಂಗಳು. ಬಿಲ್ಡರ್ ಫೋನ್ ಎತ್ತುತ್ತಿರಲಿಲ್ಲ. ಕೂಲಿಯವರು ಹೋದರು, ಕಂಟ್ರಾಕ್ಟರ್ ಕಾಂಕ್ರೀಟು ಸುರಿಯಲು ಕೆಳಗೆ ಹಾಸುವ ಸೆಂಟ್ರಿಂಗ್ ಶೀಟುಗಳನ್ನೂ ಎತ್ತಿಕೊಂಡು ಹೋದ. ಉಳಿದಿದ್ದು ಮಧುಗಿರಿ ಕಡೆಯ ವಾಚ್‌ಮನ್ ಮತ್ತು ಅವರ ಹೆಂಡತಿ. ತಗಡಿನ ಶೆಡ್ಡು. ಬಿಲ್ ಕಟ್ಟಿಲ್ಲ ಅಂತ ಸೈಟಿನ ಕರೆಂಟೂ ಕಟ್ ಆಗಿತ್ತು. ಅವರಿಗೆ ಐದು ತಿಂಗಳ ಸಂಬಳ ಬಂದಿರಲಿಲ್ಲ.

ಒಂದು ಸಂಜೆ ಮೇಲಿನಿಂದ ಕರಕರ ಅಂತ ಸದ್ದು ಕೇಳಿಸಿತು. ಕಳ್ಳರು ಕಂಬಿ ಕತ್ತರಿಸುತ್ತಿದ್ದಾರೆ ಅಂದುಕೊಂಡು ಏಳು ಮಹಡಿ ಹತ್ತಿದೆ. ನೋಡಿದರೆ ವಾಚ್‌ಮನ್. ಕಂಬದಿಂದ ಮೇಲಕ್ಕೆ ಚಾಚಿಕೊಂಡಿದ್ದ ಕಂಬಿಗಳನ್ನು ತಂತಿ ಬ್ರಷ್ಷಿನಲ್ಲಿ ಉಜ್ಜುತ್ತಿದ್ದರು. ಪಕ್ಕದಲ್ಲಿ ಬಾಂಡ್ಲಿ, ಅದರಲ್ಲಿ ಕದಡಿದ ಸಿಮೆಂಟ್ ನೀರು, ಒಂದು ಹಳೇ ಸುಣ್ಣದ ಬ್ರಷ್ಷು. "ಮಳೆ ಬರೋಕ್ ಮುಂಚೆ ಬಳೀಬೇಕು ಸಾರ್. ಇಲ್ಲಾಂದ್ರೆ ತುಕ್ಕು ತಿಂದ್ಬಿಡುತ್ತೆ. ಇಂಜಿನಿಯರ್ ಹೋಗೋವಾಗ ಹೇಳಿ ಹೋಗವ್ರೆ." ಹೇಳಿ ಹೋದ ಇಂಜಿನಿಯರ್ ಬೇರೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ನಾನು ಮೂವತ್ತನಾಲ್ಕು ವರ್ಷ ತುಕ್ಕಿನ ಜೊತೆ ಗುದ್ದಾಡಿದವನು. ಏನು ಹೇಳಬೇಕು ಗೊತ್ತಾಗಲಿಲ್ಲ. ಇನ್ನೊಂದು ಬ್ರಷ್ ಇದೆಯಾ ಅಂತ ಕೇಳಿದೆ.

ಆ ವರ್ಷದ ಮಳೆಗಾಲ ನಿಮಗೆ ನೆನಪಿರಬಹುದು. ಲಿಫ್ಟ್ ಗುಂಡಿಯಲ್ಲಿ ಸೊಂಟದವರೆಗೆ ನೀರು. ಕರೆಂಟಿಲ್ಲ, ಮೋಟಾರಿಲ್ಲ. ಗಂಡ ಹೆಂಡತಿ ಹಗ್ಗ ಕಟ್ಟಿ ಬಕೆಟ್ಟಿನಲ್ಲಿ ಎತ್ತಿ ಹಾಕಿದರು. ನಾನೂ ಎರಡು ದಿನ ಕೈ ಹಚ್ಚಿದೆ. ಮೂರನೇ ದಿನ ನನ್ನ ಸೊಂಟ ಹಿಡಿದುಕೊಂಡಿತು, ಆ ಕಥೆ ಬೇಡ ಬಿಡಿ. ಕೆಲಸ ಮತ್ತೆ ಶುರುವಾದಾಗ ಹೊಸ ಇಂಜಿನಿಯರ್ ಸುತ್ತಿಗೆ ಹಿಡಿದು ಒಂದೊಂದೇ ಕಂಬಿ ತಟ್ಟಿ ನೋಡಿದರು. ಒಂದನ್ನೂ ಕತ್ತರಿಸಿ ಬೆಸೆಯಬೇಕಾಗಲಿಲ್ಲ. ಅಣ್ಣಾ, ಅಮ್ಮಾ, ನಿಮ್ಮಿಬ್ಬರಿಗೂ ಈ 72 ಮನೆಯ ನಮಸ್ಕಾರ. ಬಾಕಿ ಸಂಬಳವನ್ನು ಕೊನೆಗೆ ನಾವೇ ಕೂಡಿಸಿ ಕೊಟ್ಟೆವು. ಅದು ಉಪಕಾರ ಅಲ್ಲ, ಸಾಲ ತೀರಿಸಿದ್ದು.

ಕೆಲಸ ಮತ್ತೆ ಶುರುವಾಗಿದ್ದು ಹೇಗೆ? ಅದಕ್ಕೆ ನಾಲ್ಕನೇ ಮಹಡಿಯ ಗಣಿತ ಮೇಡಂಗೆ ಥ್ಯಾಂಕ್ಸ್. ಮನೆ ಕೊಳ್ಳುವವರ ರಕ್ಷಣೆಗೆ ಇರುವ 2016ರ ರೇರಾ ಕಾಯ್ದೆ ಪ್ರಕಾರ ಬಿಲ್ಡರ್ ಕೊಂಡವರ ದುಡ್ಡಿನಲ್ಲಿ ನೂರಕ್ಕೆ 70ನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಟ್ಟು ಆ ಜಾಗಕ್ಕೆ, ಆ ಕಟ್ಟಡಕ್ಕೇ ಖರ್ಚು ಮಾಡಬೇಕು. ಕೆಲಸ ಎಲ್ಲಿಗೆ ಬಂದಿದೆ ಅಂತ ಮೂರು ತಿಂಗಳಿಗೊಮ್ಮೆ ರೇರಾ ವೆಬ್‌ಸೈಟಿಗೆ ಹಾಕಬೇಕು. ತಡ ಮಾಡಿದರೆ ಬಡ್ಡಿ ಕೊಡಬೇಕು. ನಾವೆಲ್ಲ ಬಿಲ್ಡರ್ ಆಫೀಸಿನ ಮುಂದೆ ಕೂಗಾಡುತ್ತಿದ್ದಾಗ ಮೇಡಂ ಮನೆಯಲ್ಲಿ ಕೂತು ರೂಲ್ ಹಾಕಿದ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಮಾಡಿದರು. ಒಂದು ಕಡೆ ಬಿಲ್ಡರ್ ಹಾಕಿದ ವರದಿ. ಇನ್ನೊಂದು ಕಡೆ ಅದೇ ವಾರ ನಾನು ತೆಗೆದ ಫೋಟೋ. ವರದಿಯಲ್ಲಿ ಒಳಗಿನ ಪ್ಲಂಬಿಂಗ್ ಮುಗಿದಿತ್ತು. ಫೋಟೋದಲ್ಲಿ ಗೋಡೆಯೇ ಇರಲಿಲ್ಲ! ದೂರಿನ ಜೊತೆ ಆ ನೋಟ್‌ಬುಕ್ಕಿನ ಪ್ರತಿಯೂ ಹೋಯಿತು. ಬಿಲ್ಡರ್ ಮಾತುಕತೆಗೆ ಬಂದರು. 2023ರಲ್ಲಿ ಮತ್ತೆ ಮಿಕ್ಸರ್ ಸದ್ದು ಕೇಳಿಸಿತು.

ಈಗ ಪ್ಲಂಬರ್ ಹುಡುಗನ ವಿಷಯ. "ನನ್ನ ಹೆಸರು ಹಾಕ್ಬೇಡಿ ಸಾರ್, ಬೇರೆ ಬಿಲ್ಡರ್‌ಗಳು ಕೆಲಸ ಕೊಡಲ್ಲ" ಅಂದಿದ್ದಾನೆ. ಹಾಕುವುದಿಲ್ಲ. ಬಾತ್‌ರೂಮಿನ ಕೆಳಗೆ ಪೈಪ್ ಹೋಗಲು ಸ್ಲ್ಯಾಬನ್ನು ತಗ್ಗಿಸಿರುತ್ತಾರೆ. ಅಲ್ಲಿ ವಾಟರ್‌ಪ್ರೂಫಿಂಗ್ ಮಾಡಿ ಮೂರು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೂರಿನಲ್ಲಿ ತೇವ ಬರುತ್ತಾ ನೋಡಬೇಕು. ಆರನೇ ಮಹಡಿಯ ಒಂದು ಬಾತ್‌ರೂಮಿನ ಕೆಳಗೆ ಮೂರನೇ ದಿನ ಸೆಟ್ ದೋಸೆಯಷ್ಟು ಅಗಲದ ಕಲೆ ಕಾಣಿಸಿತು. ಸೂಪರ್‌ವೈಸರ್ ನೋಡಿ, "ಫಾಲ್ಸ್ ಸೀಲಿಂಗ್ ಬರುತ್ತೆ ಬಿಡು, ಕಾಣಲ್ಲ" ಅಂದರು. ಹುಡುಗ ಏನೂ ಮಾತಾಡಲಿಲ್ಲ. ಮಾರನೇ ದಿನ ನಾನು ಹೋಗುವಷ್ಟರಲ್ಲಿ ನೀರು ಖಾಲಿ ಮಾಡಿ, ಪೈಪ್ ಗೋಡೆ ತೂರಿ ಹೋಗುವ ಮೂಲೆಯನ್ನು ಪೂರ್ತಿ ಒಡೆದು ಹಾಕಿದ್ದ. ಪೈಪಿನ ಸುತ್ತ ಕಡ್ಡಿ ತೂರುವಷ್ಟು ಸಂದು. ಅದನ್ನು ಗ್ರೌಟ್ ತುಂಬಿ ಮುಚ್ಚಿ, ಮೇಲೆ ಮತ್ತೆ ಎರಡು ಕೋಟ್ ಹೊಡೆದು, ಮತ್ತೆ ಮೂರು ದಿನ ನೀರು ನಿಲ್ಲಿಸಿದ. ಆ ಆರು ದಿನದ ಕೂಲಿ ಅವನಿಗೆ ಯಾರೂ ಕೊಡಲಿಲ್ಲ. ಕೆಳಗಿನ ಐದನೇ ಮಹಡಿಯಲ್ಲಿ ಈಗ ಒಂದು ಬಾಣಂತಿ ಕೋಣೆ ಇದೆ. ಸೂರು ಒಣಗಿದೆ.

ಇನ್ನೊಂದು ಬುದ್ಧಿ ಹೇಳಿಕೊಟ್ಟಿದ್ದೂ ಅವನೇ. "ಪ್ಲಾಸ್ಟರ್ ಆಗೋಕ್ ಮುಂಚೆ ಎಲ್ಲಾ ಗೋಡೆ ಫೋಟೋ ತಗೊಳ್ಳಿ ಸಾರ್. ಸುಮ್ನೆ ತಗೊಂಡ್ರೆ ಪ್ರಯೋಜನ ಇಲ್ಲ. ಟೇಪ್ ಹಿಡಿದು ತಗೊಳ್ಳಿ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣ್ಬೇಕು." ಟೇಪಿನ ಒಂದು ತುದಿ ಅವನು ಹಿಡಿದ, ಇನ್ನೊಂದು ಎಲೆಕ್ಟ್ರಿಷಿಯನ್. 72 ಮನೆಯ ಗೋಡೆಗಳೂ ಈಗ ನನ್ನ ಫೋನಿನಲ್ಲಿವೆ. ದೇವರ ಫೋಟೋಗೆ ಮೊಳೆ ಹೊಡೆಯುವ ಮುಂಚೆ ಜನ ನನಗೆ ಫೋನ್ ಮಾಡುತ್ತಾರೆ. "ಫೋರ್‌ಮನ್ ಸಾರ್, ಇಲ್ಲಿ ಹೊಡೀಲಾ?" ಎರಡನೇ ಮಹಡಿಯ ಒಬ್ಬರು ಮಾತ್ರ ಕೇಳದೆ ಡ್ರಿಲ್ ಹಾಕಿದರು. ಗೀಸರ್ ಪೈಪಿಗೇ ಹೋಯಿತು. ಅವರು ಈಗ ಕ್ಯಾಲೆಂಡರ್ ನೇತು ಹಾಕುವುದಕ್ಕೂ ಕೇಳುತ್ತಾರೆ.

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅದನ್ನು ನೋಡಿಕೊಳ್ಳುವ ಹುಡುಗನ ಬಗ್ಗೆ ಬರೆದರೆ "ಅದೆಲ್ಲಾ ಯಾಕೆ ಬರೀತೀರಿ, ಅಸಹ್ಯ" ಅಂದಳು ನನ್ನ ಹೆಂಡತಿ. ಬರೆಯಲೇಬೇಕು. ಪಾವಗಡದವನು, ಐಟಿಐ ಓದಿದ್ದಾನೆ. ಆ ಘಟಕ ಅಂದರೆ ಮಿಷನ್ನು, ಬಟನ್ ಒತ್ತಿದರೆ ಆಯಿತು ಅಂತ ನಾವು ಅಂದುಕೊಂಡಿದ್ದೆವು. ಅದು ಮಿಷನ್ನಿಗಿಂತ ಜಾಸ್ತಿ ದನದ ಕೊಟ್ಟಿಗೆ ಇದ್ದ ಹಾಗೆ. ಒಳಗೆ ಬ್ಯಾಕ್ಟೀರಿಯಾ ಸಾಕಬೇಕು. ಬ್ಲೋವರ್ ಹಾಕಿ ಗಾಳಿ ಊದುತ್ತಾ ಇರಬೇಕು, ಗಾಳಿ ನಿಂತರೆ ಅವು ಸತ್ತು ಬಿಲ್ಡಿಂಗೆಲ್ಲ ನಾತ. ಹೊಸ ಘಟಕದಲ್ಲಿ ಬ್ಯಾಕ್ಟೀರಿಯಾ ಎಲ್ಲಿಂದ ತರುವುದು? ನಡೆಯುತ್ತಿರುವ ಬೇರೆ ಘಟಕದಿಂದ ಒಂದಿಷ್ಟು ಕೆಸರು ತರಬೇಕು, ಇಲ್ಲವೇ ಹಸಿ ಸಗಣಿ ಕದಡಿ ಹಾಕಬೇಕು. ಹುಡುಗ ಟ್ರಾಕ್ಟರಿನಲ್ಲಿ ಸಗಣಿ ತರಿಸಿದ. ಅವತ್ತೇ ಮಾರ್ಬಲ್ ಲಾಬಿಗೆ ಪಾಲಿಶ್ ಆಗಿತ್ತು. ಗೇಟಿನಲ್ಲಿ ದೊಡ್ಡ ಗಲಾಟೆ. "ಕೋಟಿ ಕೊಟ್ಟು ತಗೊಂಡಿದ್ದೀವಿ, ಸಗಣಿ ತರ್ತೀರಾ?" ಅಂತ ಒಬ್ಬರು ಕೂಗಿದರು. ಕೋಟಿ ಏನೂ ಕೊಟ್ಟಿಲ್ಲ, ಮಾತಿಗೆ ಅಂದರು.

ಹುಡುಗ ಬೈಸಿಕೊಂಡು ಹಿಂದಿನ ಗೇಟಿನಿಂದ ಬುಟ್ಟಿಯಲ್ಲಿ ಹೊತ್ತು ಹಾಕಿದ. ಆಮೇಲೆ ದಿನಾ ಬೆಳಿಗ್ಗೆ ಗಾಜಿನ ಜಾಡಿಯಲ್ಲಿ ಒಂದು ಲೀಟರ್ ತೆಗೆದು, ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟು, ಕೆಳಗೆ ಎಷ್ಟು ಮಡ್ಡಿ ಕೂತಿದೆ ಅಂತ ಗೆರೆ ನೋಡಿ ಬರೆದುಕೊಳ್ಳುತ್ತಿದ್ದ. ಮೂರನೇ ವಾರ ನನ್ನನ್ನು ಕರೆದು ತೋರಿಸಿದ. ತಳದಲ್ಲಿ ಕಾಫಿ ಬಣ್ಣದ ಮಡ್ಡಿ ದಪ್ಪಗೆ ಕೂತಿತ್ತು, ಮೇಲೆ ತಿಳಿ ನೀರು, ಆ ಕಡೆ ನಿಂತಿದ್ದ ಅವನ ಬೆರಳು ಕಾಣುತ್ತಿತ್ತು. ತಲೆಗೆ ದಿನಕ್ಕೆ 135 ಲೀಟರ್ ನೀರು ಅಂತ ಲೆಕ್ಕ, ಅದರಲ್ಲಿ 45 ಲೀಟರ್ ಫ್ಲಶ್‌ಗೇ ಹೋಗುತ್ತೆ. ಮನೆಗೆ ಐದು ಜನ ಅಂದರೆ ನಮ್ಮಲ್ಲಿ ದಿನಕ್ಕೆ 16,200 ಲೀಟರ್. ಅಷ್ಟನ್ನೂ ಈಗ ಈ ಶುದ್ಧ ಮಾಡಿದ ನೀರು ಬೇರೆ ಪೈಪಿನಲ್ಲಿ ಹೋಗಿ ನಿಭಾಯಿಸುತ್ತಿದೆ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ ಬರಬೇಕು. ಬೋರಿನ ನೀರೋ, ಸಾಫ್ಟ್‌ನರ್ ಇಲ್ಲದಿದ್ದರೆ ನಲ್ಲಿಯೆಲ್ಲ ಬಿಳೀ ಪೊರೆ. ಅಂಥದ್ದರಲ್ಲಿ 16,200 ಲೀಟರ್ ಉಳಿಯಿತು ಅಂದರೆ ಸುಮ್ನೆ ಅಲ್ಲ. ಗೇಟಿನಲ್ಲಿ ಕೂಗಿದವರು ಮೊನ್ನೆ ಅದೇ ಹುಡುಗನಿಗೆ ಯುಗಾದಿಯ ಒಬ್ಬಟ್ಟು ಕಳಿಸಿದರು. ಒಳ್ಳೇದಾಯಿತು.

ಲಿಫ್ಟಿನವರಿಗೆ: ಸಿಮೆಂಟ್ ಮೂಟೆ ತುಂಬಿ, ಎರಡು ಮಹಡಿಗಳ ನಡುವೆ ನನ್ನ ಎದುರಿಗೇ ಮೇನ್ ಆಫ್ ಮಾಡಿದಿರಿ. ಕೆಲವು ಸೆಕೆಂಡ್ ಕತ್ತಲು. ಆಮೇಲೆ ಬ್ಯಾಟರಿ ಮೇಲೆ ಮೆಲ್ಲಗೆ ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆಯಿತು. ನನ್ನ ಹೆಂಡತಿ ಅವತ್ತಿನಿಂದ ಲಿಫ್ಟ್ ಹತ್ತುತ್ತಿದ್ದಾಳೆ. ಫೈರ್ ಪಂಪಿನವರಿಗೆ: ಸೂರಿನಲ್ಲಿರುವ ಕೆಂಪು ಗಾಜಿನ ಕೊಳವೆ 68 ಡಿಗ್ರಿ ಬಿಸಿಗೆ ಒಡೆದು ನೀರು ಬಿಡುತ್ತೆ ಅಂತ ಮಕ್ಕಳಿಗೆಲ್ಲ ಹೇಳಿದಿರಿ. ಕಾರಿಡಾರಿನಲ್ಲಿ ಕ್ರಿಕೆಟ್ ನಿಂತಿದೆ. ಬೆಸ್ಕಾಂ ಲೈನ್‌ಮನ್‌ಗಳಿಗೆ: ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಬಂದ ಮೇಲೆ ಕಾಯಂ ಕನೆಕ್ಷನ್ನಿಗೆ ಸುರಿಯೋ ಮಳೆಯಲ್ಲೇ ಕೇಬಲ್ ಎಳೆದಿರಿ. ಜನರೇಟರ್ ಸದ್ದು ನಿಂತ ಆ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ, ಅಷ್ಟು ಅಭ್ಯಾಸ ಆಗಿತ್ತು.

ಬಿಲ್ಡರ್‌ಗೆ ಅರ್ಧ ಥ್ಯಾಂಕ್ಸ್. ಕೊನೆಗೂ ಮುಗಿಸಿದ್ದಕ್ಕೆ. ಸ್ವಿಮ್ಮಿಂಗ್ ಪೂಲಿಗೆ ನೀರು ತುಂಬಿದ ದಿನ ಇನ್ನರ್ಧ. ಕಟ್ಟಡದಲ್ಲಿ ದೋಷ ಬಂದರೆ ಕೀ ಕೊಟ್ಟ ದಿನದಿಂದ ಐದು ವರ್ಷ ಅವರೇ ಸರಿ ಮಾಡಿಕೊಡಬೇಕು ಅಂತ ಕಾಯ್ದೆಯಲ್ಲಿದೆ. ಮೇಡಂ ನೋಟ್‌ಬುಕ್ ಇನ್ನೂ ಮುಚ್ಚಿಲ್ಲ.

ಬರುವ ಭಾನುವಾರ ಮಧ್ಯಾಹ್ನ ಕ್ಲಬ್‌ಹೌಸಿನಲ್ಲಿ ಊಟ. ಮುದ್ದೆ, ಬಸ್ಸಾರು, ಅನ್ನ, ಹೋಳಿಗೆ. ಮೇಲೆ ಹೇಳಿದವರೆಲ್ಲ ಮನೆಮಂದಿ ಸಮೇತ ಬರಬೇಕು, ಲಾಬಿಯಿಂದಲೇ ಬರಬೇಕು. ಬಡಿಸುವವರು ನಾವು. ಯಾದಗಿರಿ ಕಡೆಯ ಆ ಅಮ್ಮನ ಪರಿಚಯ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ, ಬಸ್ ಚಾರ್ಜ್ ನನ್ನದು. ಮತ್ತೆ ಪ್ಲಂಬರ್ ತಮ್ಮಾ, ಎರಡನೇ ನಂಬರ್ ಪಂಪಿನ ಸೀಲು ಹನಿಯುತ್ತಿದೆ. ನಾನು ಬಿಚ್ಚೋಣ ಅಂದುಕೊಂಡೆ, ಹೆಂಡತಿ ಬಿಡಲಿಲ್ಲ. ಊಟಕ್ಕೆ ಬರುವಾಗ ಪೈಪ್ ಸ್ಪ್ಯಾನರ್ ತಗೊಂಡು ಬಾ.