ನಿನ್ನ ದಾರದ ಪೆಟ್ಟಿಗೆಯಲ್ಲಿ ಇಟ್ಟ ಪತ್ರ

ಪ್ರೀತಿಯ ಮಗಳೇ,

ಬೆಳಿಗ್ಗೆ ನೀನು ಹೊರಟುಬಿಡುತ್ತೀಯ. ನಾನು ಜೊತೆಗಿಲ್ಲದೆ ನೀನು ಗಾಳ ಹಿಡಿದು ಹೊಳೆಗೆ ಇಳಿಯುವುದು ಇದೇ ಮೊದಲು. ಗಂಟು ಹಾಕುವ ಬಗ್ಗೆ ರಾತ್ರಿ ನಡೆದ ಮಾತನ್ನು ಮತ್ತೆ ಎತ್ತುವುದಿಲ್ಲ. "ಕುಣಿಕೆ ಇರುವ ಲೀಡರ್ ಸಿದ್ಧವಾಗಿಯೇ ಸಿಗುತ್ತದಲ್ಲ ಅಮ್ಮ" ಎಂದೆ. ಸಿಗುತ್ತದೆ, ನಿಜ. ಆದರೆ ಲೀಡರ್ ಎಂಬ ಆ ತೆಳು ದಾರದಲ್ಲಿ ಕುಣಿಕೆ ಇರುವುದು ಎಸೆಯುವ ದಪ್ಪ ದಾರದ, ಅಂದರೆ ಫ್ಲೈ ಲೈನಿನ ಕಡೆಗೆ. ಮೀನಿನ ಕಡೆಯ ಗಂಟುಗಳನ್ನು ನೀರಿನಲ್ಲಿ ನಿಂತು ನೀನೇ ಹಾಕಬೇಕು, ಅದೂ ಬೆಳಕು ಇಳಿದು ಬೆರಳು ಮರಗಟ್ಟಿದ ಹೊತ್ತಿನಲ್ಲಿ.

ನನ್ನ ಮನಸ್ಸು ಹೋಗಿ ನಿಲ್ಲುವುದು ನಿನ್ನ ಗಾಳದಿಂದ ಟ್ರೌಟ್ ಮೀನು ತಪ್ಪಿಸಿಕೊಂಡ ಆ ಸಂಜೆಯ ಹತ್ತಿರವೇ. ಅದು ಎಷ್ಟು ದೊಡ್ಡದಿತ್ತು, ನೀನು ಎಷ್ಟು ಅತ್ತೆ ಎಂಬುದೆಲ್ಲ ನಿನಗೂ ನೆನಪಿದೆ, ಬಿಡು. ನನ್ನ ಕಣ್ಣಿಗೆ ಕಟ್ಟಿರುವುದು ದಾರದ ತುದಿ. "ದಾರವೇ ಸರಿಯಿಲ್ಲ" ಎಂದು ಕೋಲು ಒರಗಿಸಿ ನೀನು ನಡೆದುಬಿಟ್ಟೆ. ನಾನು ಲೀಡರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಸಣ್ಣ ಸಣ್ಣ ಸುರುಳಿಗಳಾಗಿ ಮುದುಡಿಕೊಂಡಿತ್ತು. ತುಂಡಾದ ದಾರ ಹಾಗಿರುವುದಿಲ್ಲ. ಗಂಟು ಜಾರಿ ಬಿಚ್ಚಿಕೊಂಡಾಗಲೇ ತುದಿ ಹಾಗೆ ಸುರುಳಿಯಾಗುತ್ತದೆ. ಬಿಚ್ಚಿದ್ದು ಹುಳುವಿನಂಥ ಫ್ಲೈ ಕೊಕ್ಕೆಯನ್ನು ಕಟ್ಟಿದ ಗಂಟಲ್ಲ, ಲೀಡರಿಗೆ ಟಿಪ್ಪೆಟ್ ಎಂಬ ತೀರಾ ತೆಳುವಾದ ತುದಿದಾರವನ್ನು ಸೇರಿಸಿದ ಗಂಟು. ಅಂದರೆ ಆ ಮೀನು ಬಾಯಲ್ಲಿ ಕೊಕ್ಕೆಯ ಜೊತೆಗೆ ಅರ್ಧ ಮಾರು ದಾರವನ್ನೂ ಎಳೆದುಕೊಂಡು ಹೋಯಿತು. ಆ ದಾರ ನೀರಿನಡಿಯ ಯಾವ ಬೇರಿಗೆ ಸಿಕ್ಕಿಕೊಂಡಿತೋ! ನೀನು ಅತ್ತದ್ದು ಮೀನು ಕೈತಪ್ಪಿತೆಂದು. ನನಗೆ ಇಂದಿಗೂ ಕಾಡುವುದು ಅದು ದಾರ ಎಳೆದುಕೊಂಡು ಹೋಯಿತಲ್ಲ ಎಂಬುದು. ಅದರಲ್ಲೂ ಫ್ಲೋರೋಕಾರ್ಬನ್ ದಾರ ನೀರಿಗೂ ಬಿಸಿಲಿಗೂ ಬೇಗ ಜಗ್ಗುವ ವಸ್ತುವಲ್ಲ. ನೈಲಾನಿಗಿಂತ ಗಡಸು, ನುಣುಪೂ ಹೆಚ್ಚು. ಗಂಟು ಚೆನ್ನಾಗಿ ಕೂರದಿದ್ದರೆ ಜಾರಿಯೇ ತೀರುತ್ತದೆ.

ಆದ್ದರಿಂದ ಹೇಳುತ್ತೇನೆ, ಸಿಟ್ಟಾಗಬೇಡ. 6 ಎಕ್ಸ್ ಟಿಪ್ಪೆಟ್ಟಿನ ದಪ್ಪ ಇಂಚಿನ ಸಾವಿರದಲ್ಲಿ ಐದು ಪಾಲು ಮಾತ್ರ. 11ರಿಂದ ಎಕ್ಸ್ ಸಂಖ್ಯೆಯನ್ನು ಕಳೆದರೆ ದಪ್ಪ ತಿಳಿಯುತ್ತದೆಂದು ನೀನೇ ನನಗೆ ಪಟಪಟನೆ ಒಪ್ಪಿಸುತ್ತಿದ್ದೆ. ಇಷ್ಟು ತೆಳುವಾದ ದಾರಕ್ಕೆ, ಎರಡು ದಾರಗಳನ್ನು ಸೇರಿಸುವ ಸರ್ಜನ್ಸ್ ಗಂಟು ಹಾಕುವಾಗ ಎರಡು ಸಲ ತೂರಿಸಿದರೆ ಸಾಲದು, ಮೂರು ಸಲ ತೂರಿಸು. ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡು. ಒಣ ದಾರವನ್ನು ಸರ್ರನೆ ಎಳೆದರೆ ತಿಕ್ಕಾಟದ ಬಿಸಿಗೆ ನೈಲಾನ್ ಅಲ್ಲೇ ಸೊರಗುತ್ತದೆ. ನಾಲ್ಕೂ ಎಳೆಗಳನ್ನು ಒಟ್ಟಿಗೆ, ನಿಧಾನವಾಗಿ ಎಳೆ. ನಿನಗೆ ಅವಸರ ಬರುವುದು ಸರಿಯಾಗಿ ಈ ಘಳಿಗೆಯಲ್ಲೇ, ಎದುರಿಗೆ ಮೀನು ಮೇಲೆದ್ದಾಗ.

ಕುಣಿಕೆಗೆ ಕುಣಿಕೆ ಸೇರಿಸುವುದಾದರೆ ಟಿಪ್ಪೆಟ್ಟಿನ ಕುಣಿಕೆಯನ್ನು ಲೀಡರಿನ ಕುಣಿಕೆಯ ಮೇಲೆ ಹಾಯಿಸು, ಆಮೇಲೆ ಟಿಪ್ಪೆಟ್ಟಿನ ಇನ್ನೊಂದು ತುದಿಯನ್ನು ಲೀಡರಿನ ಕುಣಿಕೆಯೊಳಗೆ ತೂರಿಸಿ ಎಳೆ. ಎರಡೂ ಕೈಗೆ ಕೈ ಕೊಟ್ಟಂತೆ ಕೂರಬೇಕು. ಒಂದು ಮಗುಚಿ ಇನ್ನೊಂದರ ಕತ್ತು ಹಿಡಿದರೆ ಬಿಚ್ಚಿ ಮತ್ತೆ ಸೇರಿಸು, ಇಲ್ಲವಾದರೆ ತೆಳುವಾದದ್ದು ದಪ್ಪದ್ದನ್ನು ಕೊಯ್ಯುತ್ತದೆ. ಗಾಳಿಗೆ ದಾರದಲ್ಲಿ ತಾನಾಗಿ ಬೀಳುವ ಗಂಟನ್ನು ಕಂಡೂ ಕಾಣದಂತೆ ಬಿಡಬೇಡ. ಕತ್ತರಿಸಿದ ತುಂಡುಗಳು ನೀರಿಗಲ್ಲ, ಜೇಬಿಗೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡು. ದಾರ ಹೋದರೂ ಮೀನು ಕೊಕ್ಕೆಯನ್ನು ಕೊಡವಿಕೊಳ್ಳಬಹುದು.

ನೋಡು, ಪಾಠ ಮಾಡುವುದಿಲ್ಲ ಅಂದುಕೊಂಡೇ ಕೂತಿದ್ದೆ. ಕ್ಷಮಿಸು. ದಾರ ಸೇರಿಸುವ ಇನ್ನೊಂದು ಗಂಟು, ನಿನ್ನ ಬ್ಲಡ್ ನಾಟ್, ನನ್ನದಕ್ಕಿಂತ ಚೆಂದ, ಎರಡೂ ಕಡೆಯ ಸುತ್ತುಗಳು ಒತ್ತೊತ್ತಾಗಿ ಕೂತಿರುತ್ತವೆ. ನೀನು ನೋಡದಿದ್ದಾಗ ಎಳೆದೆಳೆದು ಪರೀಕ್ಷಿಸಿದ್ದೇನೆ. ಒಂದೂ ಜಾರಲಿಲ್ಲ. ಆಗ ಆದ ಹೆಮ್ಮೆಯನ್ನು ನಿನ್ನೆದುರು ಹೇಳಲು ಬಾಯಿ ಬರಲಿಲ್ಲ.

ಬಿಸಿಲಿನಲ್ಲಿ ಬಿದ್ದಿದ್ದ ಹಳೆಯ ನೈಲಾನ್ ಸುರುಳಿಯನ್ನು ಪೆಟ್ಟಿಗೆಯಿಂದ ತೆಗೆದು 5 ಎಕ್ಸ್ ಮತ್ತು 6 ಎಕ್ಸ್ ಹೊಸತನ್ನು ಇಟ್ಟಿದ್ದೇನೆ. ನೀರು ಸೊಂಟಕ್ಕೆ ಬಂದರೆ ಮುಂದೆ ಹೋಗಬೇಡ. ದಾಟುವಾಗ ಊರುಗೋಲು ಕೈಯಲ್ಲಿರಲಿ. ಕತ್ತಲಾಗುವ ಮೊದಲು ದಡಕ್ಕೆ ಬಂದು ಫೋನ್ ಮಾಡು, ಮೀನು ಸಿಗಲಿ ಬಿಡಲಿ.

ನಿನ್ನ
ಅಮ್ಮ