ಭಾನುವಾರ ಚಾರ್ಮಾಡಿಗೆ ಪಿಕಪ್ ತರುವವರು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಮೂಡಿಗೆರೆಯಿಂದ ಹೊರಡೋಣ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯುವುದು. ಹೆಸರಿಗೆ ರಾಷ್ಟ್ರೀಯ ಹೆದ್ದಾರಿ 73, ತಿರುವುಗಳಲ್ಲಿ ಅಗಲ ಅಷ್ಟಕ್ಕಷ್ಟೇ.

ಪಿಕಪ್ ಪೂರ್ತಿ ಖಾಲಿ ತರಬೇಡಿ. ಹಿಂದೆ ಭಾರ ಇಲ್ಲದಿದ್ದರೆ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತದೆ. ಹೋದ ಮಳೆಗಾಲದಲ್ಲಿ ತೋಟಕ್ಕೆ ಗೊಬ್ಬರ ಇಳಿಸಿ ವಾಪಸ್ ಬರುವಾಗ ನನ್ನ ಗಾಡಿ ಹೀಗೇ ಜಾರಿ ಚರಂಡಿ ಅಂಚಿಗೆ ಹೋಗಿ ನಿಂತಿತು. ಆಮೇಲಿಂದ ನಾಲ್ಕು ಮರಳಿನ ಚೀಲ ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಇಟ್ಟು ಹಗ್ಗ ಬಿಗಿಯುತ್ತೇನೆ.

ಇಳಿಯುವಾಗ ಎರಡನೇ ಗೇರ್. ನ್ಯೂಟ್ರಲ್ ಬೇಡವೇ ಬೇಡ, ಡೀಸೆಲ್ ಉಳಿಯುತ್ತೆ ಅನ್ನೋದೆಲ್ಲ ಸುಮ್ನೆ ಮಾತು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಲೈನರ್ (ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ವಾಸನೆ ಬಂದ ಕೂಡಲೇ ಅಗಲ ಜಾಗ ನೋಡಿ ನಿಲ್ಲಿಸಿ, ತಣ್ಣಗಾಗಲಿ. ಚಕ್ರದೊಳಗಿನ ಬಿಸಿ ಬ್ರೇಕ್ ಡ್ರಮ್‌ಗೆ ನೀರು ಹಾಕಬೇಡಿ.

ಹತ್ತುವ ಗಾಡಿಗೆ ದಾರಿ ಬಿಡಿ. ಮಂಜಿದ್ದರೆ ಲೋ ಬೀಮ್. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಅಷ್ಟೇ. ಹಿಂದೆ ಜನ ಕೂರಿಸುವಂತಿಲ್ಲ, ಮಕ್ಕಳು ಎಷ್ಟೇ ಹಟ ಮಾಡಿದರೂ.

ಬರುವವರು ಶುಕ್ರವಾರದೊಳಗೆ ತಿಳಿಸಿ, ದೋಸೆಗೆ ಹೇಳಿಡಬೇಕು.