ಇಂಡಕ್ಷನ್ ಒಲೆಗೆ ಬೇಕಿರುವುದು ಬೇರೆ ಲೈನು, ಕನ್ವರ್ಟರ್ ಪ್ಲಗ್ ಅಲ್ಲ

ಮಾನ್ಯ ಸಂಪಾದಕರೇ,

ಇಂಡಕ್ಷನ್ ಒಲೆಯೋ ಕಾಯಿಲ್ ಒಲೆಯೋ ಕೊಂಡರೆ, ದಾವಣಗೆರೆಯ ಎಷ್ಟೋ ಅಂಗಡಿಗಳಲ್ಲಿ ಜೊತೆಗೊಂದು ಕನ್ವರ್ಟರ್ ಪ್ಲಗ್ಗನ್ನೂ ಕೈಗಿಡುತ್ತಾರೆ. ದಪ್ಪ ಪಿನ್ನಿನ 16 ಆಂಪ್ ಪ್ಲಗ್ಗನ್ನು 6 ಆಂಪ್ ಸಾಕೆಟ್ಟಿಗೆ ಕೂರಿಸುವ ಉಪಾಯ ಅದು. ಒಲೆ ಹೊತ್ತುತ್ತದೆ, ಅಡುಗೆ ಆಗುತ್ತದೆ. ಗೋಡೆಯೊಳಗಿನ ವೈರಿನ ಗತಿ ಏನು ಅಂತ ಕೇಳುವವರಿಲ್ಲ.

ಲೆಕ್ಕ ಸುಲಭದ್ದು. 2000 ವ್ಯಾಟ್ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. 700 ವ್ಯಾಟಿನ ರೈಸ್ ಕುಕ್ಕರ್ ಎಳೆಯುವುದು 3 ಆಂಪ್, ಅದು ಸಣ್ಣ ಸಾಕೆಟ್ಟಿನಲ್ಲೇ ನಡೆಯುತ್ತದೆ, ಹೆದರಬೇಕಿಲ್ಲ. ಒಲೆಯ ಮಾತು ಬೇರೆ. ಹಳೇ ಮನೆಗಳಲ್ಲಿ ಈ ಸಣ್ಣ ಸಾಕೆಟ್ಟು ಸೇರಿರುವ ಲೈಟ್ ಲೈನಿಗೆ ಎಳೆದಿರುವುದು ಹೆಚ್ಚಾಗಿ 1 ಚದರ ಮಿ.ಮೀ. ವೈರು. ಕೆಲವು ಕಡೆ ಇನ್ನೂ ಅಲ್ಯೂಮಿನಿಯಂ ಇದೆ.

ಮೊದಲು ಕೆಡುವುದು ವೈರಲ್ಲ, ಜಾಯಿಂಟು. ಸಾಕೆಟ್ಟಿನ ಸ್ಕ್ರೂ ಸಡಿಲಾಗಿ ಅಲ್ಲಿ ಅರ್ಧ ಓಮ್ ತಡೆ ಹುಟ್ಟಿದರೂ 8.7 ಆಂಪಿಗೆ ಸುಮಾರು 38 ವ್ಯಾಟ್ ಶಾಖ ಏಳುತ್ತದೆ. ರೇಡಿಯೋ ರಿಪೇರಿಯವರ 25 ವ್ಯಾಟ್ ಸೋಲ್ಡರಿಂಗ್ ಐರನ್ನನ್ನು ಸ್ವಿಚ್ ಬೋರ್ಡಿನೊಳಗೆ ಬಚ್ಚಿಟ್ಟ ಹಾಗೆ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮೀನು ಸುಟ್ಟಂಥ ವಾಸನೆ ಬಂದರೆ, ಪ್ಲಗ್ ಕಿತ್ತಾಗ ಪಿನ್ನು ಕೈಗೆ ಸುಡುತ್ತಿದ್ದರೆ ಆ ಸಾಕೆಟ್ಟನ್ನು ಅಂದೇ ಬದಲಾಯಿಸಬೇಕು. ಕನ್ವರ್ಟರ್ ಹಾಕಿದರೆ ಇಂಥ ಸಂಪರ್ಕ ಒಂದಿದ್ದದ್ದು ಎರಡಾಗುತ್ತದೆ.

ಎರಡನೆಯ ತಪ್ಪು ಇನ್ನೂ ಕೆಟ್ಟದ್ದು. 6 ಆಂಪ್ ಎಂಸಿಬಿ (ಲೋಡ್ ಮೀರಿದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್ಚು) 8.7 ಆಂಪಿಗೆ ತಕ್ಷಣ ಬೀಳುವುದಿಲ್ಲ, ಸ್ವಲ್ಪ ಹೊತ್ತು ಕಾದು ಬೀಳುತ್ತದೆ. ಸಾರು ಅರ್ಧ ಕುದ್ದಿರುವಾಗ ಕರೆಂಟು ಹೋದರೆ ಸಿಟ್ಟು ಬರುವುದು ಸಹಜವೇ. ಆಗ ಯಾರೋ ಬಂದು ಅದನ್ನು ತೆಗೆದು 16 ಆಂಪ್ ಎಂಸಿಬಿ ಕೂರಿಸಿ ಹೋಗುತ್ತಾರೆ, ವೈರು ಮಾತ್ರ ಅದೇ 1 ಚದರ ಮಿ.ಮೀ. ಎಂಸಿಬಿ ಇರುವುದು ಒಲೆಯನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಒಲೆಯ ಜೊತೆ ಮಿಕ್ಸಿ, ಫ್ರಿಜ್ಜು ಸೇರಿ 12–13 ಆಂಪ್ ಹರಿದರೂ ಹೊಸ ಎಂಸಿಬಿ ಸುಮ್ಮನೇ ಇರುತ್ತದೆ, ಪೈಪಿನೊಳಗೆ ವೈರಿನ ಪಿವಿಸಿ ಮೆತ್ತಗಾಗುತ್ತಾ ಹೋಗುತ್ತದೆ. ಹಳೇ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಇದೇ ಕೆಲಸ.

ಸರಿಯಾದ ಕ್ರಮ: ಡಿಬಿಯಿಂದ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆ) ಒಲೆಗೆಂದೇ ಬೇರೆ ಲೈನು ಎಳೆಯಬೇಕು. ಫೇಸಿಗೂ ನ್ಯೂಟ್ರಲ್ಲಿಗೂ 2.5 ಚದರ ಮಿ.ಮೀ. ತಾಮ್ರದ ವೈರು, ಅರ್ತಿಗೆ ಅದೇ ಅಳತೆಯ ಹಸಿರು ವೈರು, ನಡುವೆ ಎಲ್ಲೂ ಜಾಯಿಂಟ್ ಬೇಡ. 16 ಆಂಪ್ ಎಂಸಿಬಿ, ಅದರ ಹಿಂದೆ 30 ಮಿಲಿ ಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು. ಒಂದು ವೈರನ್ನು ಉಳಿಸುತ್ತದೆ, ಇನ್ನೊಂದು ಜೀವವನ್ನು. ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲೆ ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ವಿಚ್ ಫೇಸಿನಲ್ಲೇ ಇರಬೇಕು. ಸ್ಕ್ರೂ ಒಳಗೆ ಹಿಡಿಸಲಿಲ್ಲವೆಂದು ವೈರಿನ ಎಳೆಗಳನ್ನು ಕತ್ತರಿಸಿ ತೆಳ್ಳಗೆ ಮಾಡುವವರಿದ್ದಾರೆ, ಹಾಗೆ ಮಾಡಲೇಬಾರದು. ಸಾಕೆಟ್ಟು ಒಲೆಯ ನೇರ ಮೇಲೂ ಬೇಡ, ಸಿಂಕಿನ ಮಗ್ಗುಲಲ್ಲೂ ಬೇಡ. ಇನ್ವರ್ಟರ್ ಇರುವ ಮನೆಯಲ್ಲಿ ಈ ಲೈನು ಇನ್ವರ್ಟರಿಗೆ ಸೇರದಂತೆ ನೋಡಿಕೊಳ್ಳಿ. ಅಡುಗೆ ಕಟ್ಟೆಯೊಳಗೆ ಕೂರಿಸುವ 7000 ವ್ಯಾಟಿನ ನಾಲ್ಕು ಒಲೆಯ ಹಾಬ್ ಆದರೆ ಲೆಕ್ಕವೇ ಬೇರೆ: 30 ಆಂಪ್ ಆಗುತ್ತದೆ, 6 ಚದರ ಮಿ.ಮೀ. ವೈರು, 32 ಆಂಪ್ ಎಂಸಿಬಿ ಬೇಕು, ಪ್ಲಗ್ ನಡೆಯುವುದಿಲ್ಲ.

ಅರ್ತಿಂಗ್ ನಮ್ಮ ಕಡೆ ನಿಜವಾದ ತಲೆನೋವು. ಚಿತ್ರದುರ್ಗದಲ್ಲಿ ನಾಲ್ಕಡಿ ಅಗೆದರೆ ಬಂಡೆ, 2.5 ಮೀಟರ್ ಅರ್ತ್ ಪೈಪ್ ನೆಟ್ಟಗೆ ಇಳಿಯದಿದ್ದರೆ ತುಂಡು ಮಾಡಿ ಹೂಳುವುದು ಬಿಟ್ಟು ಓರೆಯಾಗಿ ಇಳಿಸಬೇಕು, ಇಲ್ಲವೇ ದೂರ ದೂರ ಎರಡು ಹಾಕಿ ಜೋಡಿಸಬೇಕು. ದಾವಣಗೆರೆ ಸುತ್ತಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಮಾರ್ಚಿನಿಂದ ಗುಂಡಿಗೆ ನೀರು ಹಾಕುತ್ತಿರಬೇಕು. ಫೇಸಿಗೂ ಅರ್ತಿಗೂ ಬಲ್ಬು ಹಚ್ಚಿ ನೋಡುವ ರೂಢಿ ಬಿಡುವುದು ಒಳ್ಳೆಯದು: ಅರ್ತ್ ಕಡಿದಿದ್ದರೆ ಬಲ್ಬಿನ ಮೂಲಕ ಕರೆಂಟು ಮನೆಯ ಫ್ರಿಜ್ಜು, ಗೀಸರಿನ ಮೈಗೇ ಬರುತ್ತದೆ. ಲೈಸೆನ್ಸ್ ಇರುವವರಿಂದ ಅರ್ತ್ ಟೆಸ್ಟರ್ ಹಿಡಿಸಿ ಅಳೆಸಿ.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿಕೊಳ್ಳಿ. 1 ಕಿಲೋವ್ಯಾಟ್ ಅಂತಿದ್ದರೆ ಒಲೆಯೊಂದೇ ಅದರ ಎರಡರಷ್ಟು, ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. 2000 ವ್ಯಾಟಿನ ಒಲೆ ದಿನಕ್ಕೊಂದು ತಾಸು ಪೂರ್ತಿ ಉರಿದರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ ಸಿಗುವುದು ನಿಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಅಷ್ಟೇ, ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು.

ಒಲೆ ಮಾರುವ ಅಂಗಡಿಯವರು ಕನ್ವರ್ಟರ್ ಕೊಡುವ ಬದಲು ‘ಮನೆಯಲ್ಲಿ ಪವರ್ ಪ್ಲಗ್ ಇದೆಯಾ’ ಎಂದು ಕೇಳಲಿ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ವಿದ್ಯಾರ್ಥಿಗಳಿಗೆ ರೂಮು ಬಾಡಿಗೆ ಕೊಡುವ ಮಾಲೀಕರು, ಮಂಚದ ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡಿಗೆ ಕಾಯಿಲ್ ಒಲೆ ಸಿಕ್ಕಿಸಿದ್ದನ್ನು ಕಂಡರೆ ಬೈದು ಸುಮ್ಮನಾಗದೆ, ಮಹಡಿಗೊಂದಾದರೂ ಅಡುಗೆಗೆಂದು ಬೇರೆ ಲೈನು ಎಳೆಸಿಕೊಡಲಿ.

– ಒಬ್ಬ ವಿದ್ಯುತ್ ಗುತ್ತಿಗೆದಾರ, ದಾವಣಗೆರೆ